ಉಪ್ಪುನೀರಿನ ಟ್ಯಾಂಕಿಗೆ ಹೊಸ ಮೀನು: ಸಂಕ್ರಾಂತಿಯಿಂದ ಹೋಳಿಯವರೆಗೆ

ನಮ್ಮ ಮನೆಯ ಟ್ಯಾಂಕಿನಲ್ಲಿ ಈಗ ಒಂದು ಹಳದಿ ಫಾಕ್ಸ್‌ಫೇಸ್ ಮೀನು ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುತ್ತ ಆರಾಮಾಗಿ ಓಡಾಡಿಕೊಂಡಿದೆ. ನೋಡಿದವರಿಗೆ ಮೊದಲಿನಿಂದ ಅಲ್ಲೇ ಇದ್ದ ಮೀನು ಅನ್ನಿಸಬೇಕು. ಅದನ್ನು ಆ ನೀರಿಗೆ ಇಳಿಸುವಷ್ಟರಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಸಮುದ್ರದ ಮೀನು ಸಾಕುವವರೇ ಬೆರಳೆಣಿಕೆಯಷ್ಟು. ಅದರಲ್ಲೂ ಟ್ರಿಗರ್, ಮರೂನ್ ಕ್ಲೌನ್‌ನಂಥ ಜಗಳಗಂಟ ಮೀನುಗಳನ್ನು ಇಟ್ಟುಕೊಂಡು, ಅವುಗಳ ನಡುವೆ ಹೊಸದೊಂದನ್ನು ಬಿಟ್ಟವರನ್ನು ಹುಡುಕಿದರೆ ಸಿಗುವುದು ಕಷ್ಟ. ಮುಂದೆ ಈ ದಾರಿಗೆ ಬರುವವರು ನನ್ನಷ್ಟು ಒದ್ದಾಡುವುದು ಬೇಡ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಟ್ಯಾಂಕು ಐದು ಅಡಿ ಉದ್ದದ್ದು, ಸುಮಾರು ೪೫೦ ಲೀಟರ್ ನೀರು ಹಿಡಿಯುತ್ತದೆ. ಕೆಳಗೆ ಸಂಪು, ಅಂದರೆ ನೀರು ಸೋಸಿ ಮೇಲಕ್ಕೆ ಕಳಿಸುವ ಇನ್ನೊಂದು ಚಿಕ್ಕ ಟ್ಯಾಂಕು, ಅದರಲ್ಲಿ ಹೊಲಸನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್. ಕಲ್ಲುಗಳೆಲ್ಲ ಕೃತಕ. ನಮ್ಮ ಕಡಲಿನ ಗಟ್ಟಿ ಹವಳಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಯಾರಾದರೂ "ಒರಿಜಿನಲ್ ಕಲ್ಲು ಕೊಡ್ತೀನಿ" ಅಂದರೆ ಆ ಕಡೆ ತಲೆ ಹಾಕಬೇಡಿ. ಟ್ಯಾಂಕಿನ ನಿವಾಸಿಗಳು ಒಂದು ನೈಜರ್ ಟ್ರಿಗರ್, ಮರೂನ್ ಕ್ಲೌನ್ ಜೋಡಿ, ಮೈಮೇಲೆ ಬಿಳಿ ಚುಕ್ಕೆಯ ಕರಿ ಡಾಮಿನೋ ಡ್ಯಾಮ್ಸೆಲ್ ಒಂದು. ನೈಜರ್ ಟ್ರಿಗರ್ ಅಂದರೆ ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಕಾರ್ಗಿಲ್ ಅಂತ ಕರೆದು, ತಿನ್ನುವವರು ಕಡಿಮೆ ಅಂತ ಹೆಚ್ಚಾಗಿ ಮೀನುಹುಡಿ ಕಾರ್ಖಾನೆಗೆ ಕಳಿಸುವ ಮೀನು. ಕುಮಟಾದ ಬೀಗರೊಬ್ಬರು ನಮ್ಮ ಟ್ಯಾಂಕು ನೋಡಿ, "ಇದಕ್ಕೆ ರೊಕ್ಕ ಕೊಟ್ಟಿರಾ?" ಅಂತ ನಕ್ಕಿದ್ದರು. ಬಾಯಿ ತೆರೆದಾಗ ಕಾಣುವ ಅದರ ಕೆಂಪು ಹಲ್ಲು ನೋಡಿದ ಮೇಲೆ ನಗು ನಿಂತಿತು.

ಹೊಸ ಮೀನು ಯಾಕೆ ಬೇಕಾಯಿತೆಂದರೆ, ಕಲ್ಲಿನ ಮೇಲೆಲ್ಲ ಕೂದಲಿನಂಥ ಪಾಚಿ ಹಬ್ಬಿತ್ತು. ಪಾಚಿ ತಿನ್ನಬೇಕು, ಈ ನಾಲ್ವರ ಕೈಯಲ್ಲಿ ಉಳಿಯಲೂಬೇಕು. ಪಾಚಿ ತಿನ್ನುವ ಟ್ಯಾಂಗ್ ಜಾತಿಯ ಮೀನುಗಳಿಗೆ ಬಿಳಿಚುಕ್ಕೆ ರೋಗ ಬೇಗ ಅಂಟುತ್ತದೆ. ಫಾಕ್ಸ್‌ಫೇಸ್‌ಗೆ ಬೆನ್ನ ಮೇಲೆ ಹದಿಮೂರು ಮುಳ್ಳು, ಹೊಟ್ಟೆಯ ಕೆಳಗೆ ಇನ್ನಷ್ಟು, ಎಲ್ಲದರಲ್ಲೂ ವಿಷ. ತಾನಾಗಿ ಜಗಳಕ್ಕೆ ಹೋಗುವುದಿಲ್ಲ, ಮೈಮೇಲೆ ಬಂದವರಿಗೆ ಮುಳ್ಳು ತೋರಿಸುತ್ತದೆ. ನನಗೆ ಬೇಕಾಗಿದ್ದು ಅಂಥದ್ದೇ.

ಹುಬ್ಬಳ್ಳಿಯ ಅಂಗಡಿಗಳಲ್ಲಿ ಗೋಲ್ಡ್‌ಫಿಶ್, ಫ್ಲವರ್‌ಹಾರ್ನ್, ಅರವಾನಾ ಬೇಕಾದಷ್ಟು ಸಿಗುತ್ತವೆ. ಉಪ್ಪುನೀರಿನ ಮೀನು ಬೇಕೆಂದರೆ ಬೆಂಗಳೂರು, ಇಲ್ಲವೇ ಚೆನ್ನೈನ ಕೊಳತ್ತೂರು. ಬೆಂಗಳೂರಿನ ಅಂಗಡಿಯೊಂದರಲ್ಲಿ ಅಂಗೈಯಷ್ಟು ದೊಡ್ಡ ಫಾಕ್ಸ್‌ಫೇಸ್ ಇತ್ತು. ಬೆಲೆ ೩,೮೦೦ ರೂಪಾಯಿ. ಫೋಟೋ ನೋಡಿ ರೊಕ್ಕ ಕಳಿಸಬೇಡಿ. ಮೀನು ತಿನ್ನುತ್ತಿರುವ ವಿಡಿಯೋ ಕೇಳಿ, ಆಮೇಲೆ ಅವರ ನೀರಿನ ಉಪ್ಪಿನಂಶ ಎಷ್ಟು ಅಂತ ಕೇಳಿ. ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಉಪ್ಪು ಉಳಿಸಲು, ರೋಗ ತಡೆಯಲು ಅಂಗಡಿಯವರು ನೀರನ್ನು ತೆಳುವಾಗಿಯೇ ಇಡುತ್ತಾರೆ. ಸಪ್ಪೆ ನೀರಿನ ಸಾಂದ್ರತೆಯನ್ನು ೧ ಅಂತ ಹಿಡಿದು ಅಳೆದರೆ ಇವರದ್ದು ೧.೦೧೯ ಇತ್ತು, ನನ್ನ ಟ್ಯಾಂಕಿನದ್ದು ೧.೦೨೫. ಉಪ್ಪು ಕಡಿಮೆ ಇರುವ ನೀರಿಗೆ ಹೋಗುವುದು ಮೀನಿಗೆ ಅಷ್ಟು ಕಷ್ಟವಲ್ಲ, ಹೆಚ್ಚಿರುವ ನೀರಿಗೆ ಒಮ್ಮೆಲೇ ಹೋದರೆ ತಡೆಯುವುದಿಲ್ಲ.

ತರಿಸುವುದೇ ದೊಡ್ಡ ರಗಳೆಯಾಯಿತು. ಬಸ್ಸಿನ ಪಾರ್ಸೆಲ್ ಕೌಂಟರಿನಲ್ಲಿ "ಜೀವ ಇರೋದು ತಗೊಳ್ಳೋದಿಲ್ಲ" ಅಂದರು. ಇನ್ನೊಂದು ಕಡೆ ತೆಗೆದುಕೊಳ್ಳಲು ಒಪ್ಪಿದರು, ಆದರೆ ರಸೀದಿಯಲ್ಲಿ "ಪ್ಲಾಸ್ಟಿಕ್ ಸಾಮಾನು" ಅಂತ ಬರೆಸಬೇಕಂತೆ. ಸತ್ತರೆ ಯಾರನ್ನು ಕೇಳುವುದು? ಅಂಗಡಿಯವರ ಷರತ್ತು ಬೇರೆ: ಮೀನು ಸತ್ತು ಬಂದರೆ ರೊಕ್ಕ ವಾಪಸ್, ಆದರೆ ಸೀಲ್ ಒಡೆಯುವಲ್ಲಿಂದ ಹಿಡಿದು ಒಂದೇ ಸಮನೆ ತೆಗೆದ ವಿಡಿಯೋ ಬೇಕು, ಅದೂ ಪೆಟ್ಟಿಗೆ ಕೈಸೇರಿದ ಎರಡು ತಾಸಿನೊಳಗೆ. ಸಂಕ್ರಾಂತಿಗೆ ಊರಿಗೆ ಬರಲಾಗದೆ ಮರುವಾರ ಹೊರಟಿದ್ದ ನಮ್ಮ ಸಂಬಂಧಿಕರ ಹುಡುಗ ಕೊನೆಗೆ ರಾತ್ರಿ ರೈಲಿನಲ್ಲಿ ಥರ್ಮಾಕೋಲ್ ಪೆಟ್ಟಿಗೆಯನ್ನು ಬರ್ತಿನ ಕೆಳಗೆ ಇಟ್ಟುಕೊಂಡು ಬಂದ. ಎದುರಿನ ಸೀಟಿನ ಅಜ್ಜಿ "ಏನೈತಿ ಇದರಾಗ?" ಅಂತ ದಾವಣಗೆರೆಯವರೆಗೂ ಕೇಳುತ್ತಲೇ ಇದ್ದರಂತೆ.

ಪೆಟ್ಟಿಗೆ ಬರುವ ಮೊದಲೇ ಕ್ವಾರಂಟೈನ್ ಟ್ಯಾಂಕು ಸಿದ್ಧವಾಗಿತ್ತು. ೧೦೦ ಲೀಟರಿನದು, ಕೆಳಗೆ ಮರಳಿಲ್ಲ, ಕಲ್ಲಿಲ್ಲ, ಅಡಗಿ ಕೂರಲು ಪಿವಿಸಿ ಪೈಪಿನ ಎಲ್ಬೋಗಳು ಮಾತ್ರ. ಮರಳು, ಕಲ್ಲು ಇದ್ದರೆ ಮುಂದೆ ಹಾಕುವ ಕಾಪರ್ ಔಷಧವನ್ನು ಅವೇ ಹೀರಿಕೊಳ್ಳುತ್ತವೆ. ಸ್ಪಾಂಜ್ ಫಿಲ್ಟರನ್ನು ತಿಂಗಳ ಮೊದಲೇ ಸಂಪಿನಲ್ಲಿ ಮುಳುಗಿಸಿಟ್ಟಿದ್ದೆ. ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಕೂತಿರಬೇಕು, ಇಲ್ಲದಿದ್ದರೆ ಮೀನು ತನ್ನ ಹೊಲಸಿನಲ್ಲೇ ಉಸಿರುಗಟ್ಟುತ್ತದೆ.

ನೀರಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಓಣಿಗೆ ಮಲಪ್ರಭೆಯ ನೀರು ಬರುವುದು ವಾರಕ್ಕೊಮ್ಮೆ ಅಂದುಕೊಳ್ಳಿ. ಬೋರಿನ ನೀರು ಗಡಸು. ಎರಡರಲ್ಲಿ ಯಾವುದನ್ನೂ ನೇರವಾಗಿ ಹಾಕುವ ಹಾಗಿಲ್ಲ. ಆರ್‌ಒ-ಡಿಐ ಫಿಲ್ಟರಿನಿಂದ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ಸೊನ್ನೆಗೆ ಇಳಿಸಿ, ಲೀಟರಿಗೆ ೩೫ ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಗೆ ಹೋಗುತ್ತದೆ. ಆ ನೀರು ಪಾತ್ರೆ ತಿಕ್ಕಲು, ಅಂಗಳ ತೊಳೆಯಲು ಹೋಗದಿದ್ದರೆ ನಮ್ಮ ತಾಯಿ ಈ ಹವ್ಯಾಸವನ್ನು ಎಂದೋ ಬಂದ್ ಮಾಡಿಸುತ್ತಿದ್ದರು.

ಚೀಲ ಬಿಚ್ಚುವ ಹೊತ್ತಿನಲ್ಲಿ ಬಹಳ ಜನ ಹನಿಹನಿಯಾಗಿ ಟ್ಯಾಂಕಿನ ನೀರು ಬಿಡುತ್ತ ತಾಸುಗಟ್ಟಲೆ ಕೂರುತ್ತಾರೆ. ರಾತ್ರಿಯಿಡೀ ಪ್ರಯಾಣ ಮಾಡಿದ ಮೀನಿಗೆ ಅದು ಒಳ್ಳೆಯದಲ್ಲ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ನೀರಿನ ಪಿಎಚ್ ಇಳಿದಿರುತ್ತದೆ. ಪಿಎಚ್ ಕಡಿಮೆ ಇರುವವರೆಗೆ ಅಮೋನಿಯಾ ಅಷ್ಟು ವಿಷವಲ್ಲದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿ ಗಾಳಿ ಆಡಿದ ಕೂಡಲೇ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಕ್ವಾರಂಟೈನ್ ನೀರನ್ನೇ ಅಂಗಡಿಯ ೧.೦೧೯ಕ್ಕೆ ಹೊಂದಿಸಿಟ್ಟಿದ್ದೆ. ಚೀಲವನ್ನು ಮುಚ್ಚಿದಂತೆಯೇ ಸ್ವಲ್ಪ ಹೊತ್ತು ತೇಲಿಬಿಟ್ಟು ತಾಪಮಾನ ಸಮ ಮಾಡಿ, ಬಿಚ್ಚಿದ ತಕ್ಷಣ ಮೀನನ್ನಷ್ಟೇ ದಾಟಿಸಿದೆ. ಚೀಲದ ನೀರು ಮೋರಿಗೆ. ಬಲೆ ಬಳಸಬೇಡಿ, ಮುಳ್ಳು ಸಿಕ್ಕಿಕೊಳ್ಳುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಜಗ್ಗು ಸಾಕು. ಮುಳ್ಳು ಕೈಗೆ ಚುಚ್ಚಿದರೆ, ಚರ್ಮ ಸುಡದಷ್ಟು, ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಅರ್ಧ ತಾಸಿಗೂ ಹೆಚ್ಚು ಕೈ ಇಟ್ಟುಕೊಳ್ಳಿ, ನೋವು ಇಳಿಯುತ್ತದೆ. ಬಾವು ಏರಿದರೆ, ಉಸಿರಾಟ ಕಷ್ಟವಾದರೆ ಡಾಕ್ಟರ ಹತ್ತಿರ ಓಡಿ.

ನಾನು ರೊಕ್ಕ ಕೊಟ್ಟದ್ದು ನಿಂಬೆಹಳದಿ ಮೀನಿಗೆ. ಚೀಲದಿಂದ ಬಂದದ್ದು ಮಾಸಲು ಕಂದು, ಮೈತುಂಬ ಕಪ್ಪು ಮಚ್ಚೆ. ಹೆದರಿದಾಗ, ಮಲಗಿದಾಗ ಈ ಜಾತಿ ಬಣ್ಣ ಬದಲಿಸುತ್ತದೆ ಅಂತ ಓದಿದ್ದೆ. ಆದರೂ ಎಲ್ಬೋ ಪೈಪಿನಲ್ಲಿ ಓರೆಯಾಗಿ ಒರಗಿ, ಮುಳ್ಳುಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿಕೊಂಡು ಬಿದ್ದಿದ್ದ ಅದನ್ನು ನೋಡಿ ಹೊಟ್ಟೆಯಲ್ಲಿ ಕಸಿವಿಸಿ. ವಿಡಿಯೋ ತೆಗೆದು ಅಂಗಡಿಗೆ ಕಳಿಸಿದೆ. "ನಾಳೆ ನೋಡಿ ಸರ್" ಅಂತ ಮೂರೇ ಶಬ್ದದ ಸಮಾಧಾನ ಬಂತು. ಮರುದಿನ ಬೆಳಿಗ್ಗೆ ಹಳದಿ ಮರಳಿತ್ತು.

ಬಣ್ಣ ಬಂತು, ಹಸಿವೆ ಬರಲಿಲ್ಲ. ತರಿಸಿಟ್ಟ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಮೂಸಲೂ ಇಲ್ಲ. ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್ ಕಟ್ಟಿದೆ, ಬೇಡ. ಹೆಪ್ಪುಗಟ್ಟಿದ ಮೈಸಿಸ್ ಸೀಗಡಿ ಹಾಕಿದೆ, ಅದೂ ಬೇಡ. ಹೊಟ್ಟೆ ಒಳಸೇರತೊಡಗಿದಾಗ ಸಂಪಿನಲ್ಲಿ ಪಾಚಿ ಹಿಡಿದಿದ್ದ ಒಂದು ಪೈಪಿನ ತುಂಡನ್ನು ತಂದು ಇಟ್ಟೆ. ಮೂತಿ ಮುಂದೆ ಚಾಚಿ ಬಹಳ ಹೊತ್ತು ಅದನ್ನೇ ನೋಡಿತು. ಆಮೇಲೆ ಒಂದು ಕಚ್ಚು, ಮತ್ತೊಂದು ಕಚ್ಚು, ಕೆರೆ ಕೆರೆ ಅಂತ ಶುರು ಮಾಡಿತು. ಪಾಚಿ ಮುಗಿದ ಮೇಲೆ ಅದೇ ತುಂಡಿಗೆ ರಬ್ಬರ್‌ಬ್ಯಾಂಡಿನಿಂದ ನೋರಿ ಸುತ್ತಿದೆ. ಪಾಚಿ ಇದ್ದ ಜಾಗ ಅಂತ ತಿಳಿದೋ ಏನೋ, ನೋರಿಯನ್ನೂ ತಿಂದಿತು. ಉಣ್ಣದ ಮೀನಿಗೆ ಕಾಪರ್ ಹಾಕಬೇಡಿ. ಮೊದಲು ಊಟ, ಆಮೇಲೆ ಔಷಧ.

ಕಾಪರ್ ಯಾಕೆಂದರೆ, ಕಣ್ಣಿಗೆ ಚುಕ್ಕೆ ಕಾಣದಿದ್ದರೂ ಬಿಳಿಚುಕ್ಕೆಯ ಪರಾವಲಂಬಿ ಜೀವಿ ಕಿವಿರಿನಲ್ಲಿ ಇರಬಹುದು. ಅದು ಮೀನಿನ ಮೈಯಲ್ಲಿರುವಾಗಲೂ, ಕೆಳಗೆ ಬಿದ್ದು ಗೂಡು ಕಟ್ಟಿದಾಗಲೂ ಔಷಧಕ್ಕೆ ಬಗ್ಗುವುದಿಲ್ಲ. ಗೂಡೊಡೆದು ನೀರಿನಲ್ಲಿ ಈಜುತ್ತ ಹೊಸ ಮೀನು ಹುಡುಕುವ ಹೊತ್ತಿನಲ್ಲಿ ಮಾತ್ರ ಸಾಯುತ್ತದೆ. ಗೂಡು ಒಡೆಯಲು ಕೆಲವಕ್ಕೆ ಮೂರು ದಿನ, ಕೆಲವಕ್ಕೆ ವಾರಗಳು. ಅದಕ್ಕೇ ಔಷಧವನ್ನು ತಿಂಗಳು ಕಾಲ ಒಂದೇ ಮಟ್ಟದಲ್ಲಿ ಹಿಡಿದಿಡುವುದು. ಆ ಮಟ್ಟ ಎಲ್ಲ ಕಾಪರಿಗೂ ಒಂದೇ ಅಲ್ಲ. ಕೆಲವು ಬ್ರ್ಯಾಂಡು ೦.೫ ಪಿಪಿಎಂಗೆ (ಲೀಟರಿಗೆ ಅರ್ಧ ಮಿಲಿಗ್ರಾಂ) ಕೆಲಸ ಮಾಡುತ್ತವೆ, ಚೀಲೇಟೆಡ್ (ತಾಮ್ರವನ್ನು ಬೇರೊಂದು ರಾಸಾಯನಿಕಕ್ಕೆ ಬಂಧಿಸಿದ) ಬಗೆಯವಕ್ಕೆ ೨ರ ಆಸುಪಾಸು ಬೇಕು. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಮೀನು ಉಳಿಯುವುದಿಲ್ಲ. ಧಾರವಾಡದ ಗೆಳೆಯರೊಬ್ಬರಿಂದ ಡಿಜಿಟಲ್ ಕಾಪರ್ ಮೀಟರ್ ಕಡ ತಂದಿದ್ದರಿಂದ ಬಚಾವಾದೆ, ಬಣ್ಣ ಹೋಲಿಸುವ ಕಿಟ್ಟಿನಲ್ಲಿ ನನ್ನ ಕಣ್ಣಿಗೆ ಎಲ್ಲ ನೀಲಿಯೂ ಒಂದೇ. ಮಟ್ಟವನ್ನು ಒಂದೇ ದಿನಕ್ಕೆ ಏರಿಸದೆ ನಿಧಾನಕ್ಕೆ ಏರಿಸಿದೆ. ನೀರು ಬದಲಿಸಿದಾಗ ಹೊಸ ನೀರಿಗೂ ಅಷ್ಟೇ ಕಾಪರ್ ಬೆರೆಸಬೇಕು. ಅಮೋನಿಯಾ ತಗ್ಗಿಸುವ ಬಾಟಲಿ ದ್ರವಗಳನ್ನು ಕಾಪರ್ ಇರುವ ನೀರಿಗೆ ಹಾಕಲೇಬೇಡಿ, ಎರಡೂ ಸೇರಿ ವಿಷವಾಗಬಹುದು. ಇದೇ ಅವಧಿಯಲ್ಲಿ, ಆವಿಯಾದಷ್ಟು ನೀರಿನ ಜಾಗಕ್ಕೆ ಸಪ್ಪೆ ನೀರಿನ ಬದಲು ಉಪ್ಪುನೀರನ್ನೇ ಹಾಕುತ್ತ ೧.೦೧೯ನ್ನು ಮೆಲ್ಲಗೆ ೧.೦೨೫ಕ್ಕೆ ತಂದೆ.

ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರಲಿಲ್ಲ. ಇನ್ವರ್ಟರ್ ದೊಡ್ಡ ಟ್ಯಾಂಕಿನ ಪಂಪಿಗೇ ಸಾಲದು. ಕ್ವಾರಂಟೈನಿಗೆ ಬ್ಯಾಟರಿಯ ಏರ್ ಪಂಪು ಹಚ್ಚಿದೆ. ೪೦೦ ರೂಪಾಯಿಯ ವಸ್ತು, ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಔಷಧದ ದಿನಗಳು ಮುಗಿಯುವ ಹೊತ್ತಿಗೆ ಪೆಟ್ಟಿಗೆಯ ಚಿಂತೆ. ಹೊಸ ಮೀನನ್ನು ನೇರವಾಗಿ ಬಿಡದೆ, ತೂತುಗಳಿರುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಟ್ಯಾಂಕಿನೊಳಗೇ ಕೆಲವು ದಿನ ಇಟ್ಟರೆ ಹಳಬರು ನೋಡಿ ನೋಡಿ ರೂಢಿಯಾಗುತ್ತಾರೆ. ರೆಡಿಮೇಡ್ ಸಿಗುವುದೆಲ್ಲ ಚಿಕ್ಕವು. ಕೊಪ್ಪಿಕರ ರಸ್ತೆಯ ಹತ್ತಿರ ಅಂಗಡಿಗಳ ಬೋರ್ಡ್ ಮಾಡುವವರಿಗೆ ಅಳತೆ ಕೊಟ್ಟೆ. "ಏನು ದೇವರ ಮಂಟಪಾ ಸರ?" ಅಂದರು. ಅಷ್ಟರಲ್ಲಿ ಶಿವರಾತ್ರಿ ಬಂತು, ಸಿದ್ಧಾರೂಢರ ಜಾತ್ರೆಯ ಬೋರ್ಡು, ಬ್ಯಾನರುಗಳ ಕೆಲಸ ಅವರಿಗೆ ಮೈತುಂಬ. ನನ್ನ ಪೆಟ್ಟಿಗೆ ಮೂಲೆ ಸೇರಿತು. ಕೊನೆಗೆ ೧,೪೦೦ ರೂಪಾಯಿಗೆ ಕೈಗೆ ಬಂತು. ಬೋರ್ಡಿನವರು ಅಕ್ರಿಲಿಕ್ ಹಾಳೆಗಳನ್ನು ಕ್ಲೋರೋಫಾರ್ಮ್ ಹಚ್ಚಿ ಅಂಟಿಸುತ್ತಾರೆ. ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗಿಟ್ಟು, ನೀರು ಬದಲಿಸಿ ಬದಲಿಸಿ ನೆನೆಸಿ. ಡ್ರಿಲ್ ಮಾಡಿದ ತೂತಿನ ಅಂಚುಗಳನ್ನು ಪಾಲಿಶ್ ಕಾಗದದಿಂದ ಉಜ್ಜಿ. ತೂತು ಟ್ರಿಗರಿನ ಮೂತಿಗಿಂತ ಚಿಕ್ಕದಿರಲಿ. ಮುಚ್ಚಳ ಬೇಕೇಬೇಕು.

ಪೆಟ್ಟಿಗೆ ಇಳಿಸುವ ಮುನ್ನ ಟ್ಯಾಂಕಿನ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ರೀತಿ ಜೋಡಿಸಿದೆ. ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯಲ್ಲಿ ದಿನಾ ಬುಟ್ಟಿ ಇಡುವವರಿಗೆ ಇದ್ದಂತೆ ಈ ಮೀನುಗಳಿಗೂ ತಮ್ಮತಮ್ಮ ಜಾಗ ಪಕ್ಕಾ, ಬೈಲನ್ನೇ ಕಲಸಿದರೆ ಎಲ್ಲರೂ ಮೊದಲು ತಮ್ಮ ಜಾಗ ಹುಡುಕಿಕೊಳ್ಳಬೇಕು. ಕೈಗೆ ದಪ್ಪ ಗ್ಲೌಸ್ ಇರಲಿ. ಆಮೇಲೆ ಹೊರಗಿನಿಂದ ಎಡಗಡೆಯ ಗಾಜಿಗೆ ಒಂದು ಕನ್ನಡಿ ಆನಿಸಿದೆ. ಮರೂನ್ ಹೆಣ್ಣು ಅದರಲ್ಲಿನ ತನ್ನ ಬಿಂಬದ ಜೊತೆ ಕಾದಾಡುವುದರಲ್ಲೇ ದಿನ ಕಳೆಯತೊಡಗಿತು.

ನನ್ನ ಭಯವೆಲ್ಲ ಟ್ರಿಗರಿನದು. ಪೆಟ್ಟಿಗೆ ಇಳಿಸಿದಾಗ ಅದು ಬಂದು ಒಂದು ಸುತ್ತು ಹಾಕಿ, ಮುಚ್ಚಳ ಕಚ್ಚಿ ನೋಡಿ, ಹೋಗಿ ತನ್ನ ಸಂದಿನಲ್ಲಿ ಸೇರಿಕೊಂಡಿತು. ಗೋಡೆಗೆ ಢಿಕ್ಕಿ ಹೊಡೆಯುತ್ತ ನಿಂತದ್ದು ಮರೂನ್ ಹೆಣ್ಣು. ಹೆಬ್ಬೆರಳು ಗಾತ್ರದ ಡಾಮಿನೋ ತೂತುಗಳಿಗೆ ಬಾಯಿ ಹಚ್ಚಿ, ಒಳಗಿದ್ದವನ ರೆಕ್ಕೆಯ ತುದಿ ಎಳೆಯಲು ನೋಡುತ್ತಿತ್ತು. ದೇಹ ದೊಡ್ಡದಿದ್ದವನನ್ನು ಬಿಟ್ಟು ಹಟ ದೊಡ್ಡದಿದ್ದವನನ್ನು ಗಮನಿಸಬೇಕಿತ್ತು ಅಂತ ಅಂದು ತಿಳಿಯಿತು.

ದಿನ ಕಳೆದಂತೆ ಢಿಕ್ಕಿಗಳು ಕಡಿಮೆಯಾದವು. ಎಲ್ಲ ಕಡೆ ಹೇಳುವಂತೆ ದೀಪ ಆರಿಸಿ, ಎಲ್ಲರಿಗೂ ಹೊಟ್ಟೆತುಂಬ ಹಾಕಿ, ಕತ್ತಲಾದ ಮೇಲೆ ಪೆಟ್ಟಿಗೆಯ ಬಾಗಿಲು ತೆರೆದೆ. ಬೆಳಿಗ್ಗೆ ದೀಪ ಹಚ್ಚಿದರೆ ಫಾಕ್ಸ್‌ಫೇಸ್ ನೀರು ಹೊರಹೋಗುವ ಮೂಲೆಯಲ್ಲಿ ಕಂದುಗಟ್ಟಿ ನಿಂತಿತ್ತು. ಬಾಲ ಚಿಂದಿ. ಡಾಮಿನೋ ಸುತ್ತುತ್ತ ಕುಟುಕುತ್ತಿತ್ತು, ಮರೂನ್ ಹೆಣ್ಣು ಅಷ್ಟು ದೂರದಿಂದ ರಭಸದಲ್ಲಿ ಬಂದು ಹಾಯುತ್ತಿತ್ತು. ಟ್ರಿಗರ್ ತನ್ನ ಪಾಡಿಗೆ ತಾನು. ಹಿಡಿಯಲು ಹೋದರೆ ಇನ್ನೂ ಗಾಬರಿಯಾದೀತು ಅಂತ ಪೆಟ್ಟಿಗೆಯೊಳಗೆ ನೋರಿ ಸಿಕ್ಕಿಸಿದೆ. ತಾನಾಗಿಯೇ ಒಳಗೆ ಹೋಯಿತು. ಬಾಗಿಲು ಹಾಕಿ, ಕಚೇರಿಗೆ ಅರ್ಧ ದಿನ ರಜೆ ಹೇಳಿದೆ. ಕಾರಣ ಕೇಳಿದರು. ಹೊಟ್ಟೆನೋವು ಅಂದೆ. ಮೀನು ಅಂದರೆ ಯಾರು ನಂಬುತ್ತಾರೆ?

ಅಲ್ಲಿಂದ ಲೆಕ್ಕ ತಿರುಗಿಸಿದೆ. ಹೊಸಬ ಎಷ್ಟೇ ಗಟ್ಟಿಯಾದರೂ ಹಳಬರು ಯಜಮಾನಿಕೆ ಬಿಡದೆ ಈ ಕೆಲಸ ಆಗುವುದಿಲ್ಲ, ಹಾಗಿದ್ದಮೇಲೆ ಪೆಟ್ಟಿಗೆಗೆ ಹೋಗಬೇಕಾದವರು ಹಳಬರೇ. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಸಿಕ್ಕಿಸಿ, ಒಳಗೆ ಸೀಗಡಿ ಇಟ್ಟು ಡಾಮಿನೋವನ್ನು ಹಿಡಿದು ಸಂಪಿಗೆ ಹಾಕಿದೆ. ಮರೂನ್ ಹೆಣ್ಣಿನ ಕೆನ್ನೆಯಲ್ಲಿ ಮುಳ್ಳಿದೆ, ಬಲೆಗೆ ಸಿಕ್ಕಿದರೆ ಬಿಡಿಸುವುದು ಕಷ್ಟ. ಅದನ್ನೂ ಜಗ್ಗಿನಿಂದಲೇ ಹಿಡಿದೆ. ಸಂಜೆ ಪೂರ್ತಿ ಹೋಯಿತು, ಅಂಗಿಯೆಲ್ಲ ಉಪ್ಪು. ಫಾಕ್ಸ್‌ಫೇಸ್ ಹೊರಗೆ, ಮರೂನ್ ಹೆಣ್ಣು ಪೆಟ್ಟಿಗೆಯೊಳಗೆ. ಕಲ್ಲುಗಳನ್ನು ಇನ್ನೊಮ್ಮೆ ಕದಲಿಸಿದೆ. ಒಂಟಿಯಾದ ಮರೂನ್ ಗಂಡು ಚಿಕ್ಕದು, ಯಾರ ತಂಟೆಗೂ ಹೋಗಲಿಲ್ಲ.

ಈ ದಿನಗಳಲ್ಲಿ ಫಾಕ್ಸ್‌ಫೇಸ್ ಕಲ್ಲುಗಳ ಸಂದುಗೊಂದು ಎಲ್ಲ ನೋಡಿಕೊಂಡಿತು, ಮಲಗುವ ಮೂಲೆ ಆರಿಸಿಕೊಂಡಿತು, ಬಾಲದ ಹರಿದ ಅಂಚು ತೆಳ್ಳಗೆ ಬೆಳೆಯತೊಡಗಿತು. ಹೆಣ್ಣನ್ನು ಬಿಡಬೇಕೆಂದಿದ್ದ ಹೊತ್ತಿಗೆ ಹೋಳಿಯ ಹಲಗಿ ಶುರು. ಕಾಮದಹನದ ರಾತ್ರಿ ನಮ್ಮ ಓಣಿಯಲ್ಲಿ ಹಲಗಿ ಬಡಿಯುವ ಸದ್ದಿಗೆ ಗಾಜೂ ನಡುಗುತ್ತದೆ. ಟ್ರಿಗರ್ ಸಂದಿನಲ್ಲಿ ಹೊಕ್ಕು ಬೆನ್ನ ಮುಳ್ಳು ಎತ್ತಿ ಲಾಕ್ ಮಾಡಿಕೊಂಡುಬಿಟ್ಟಿತು. ಎರಡನೆಯ ಮುಳ್ಳು ಇಳಿಸದ ಹೊರತು ಮೊದಲನೆಯದು ಬಗ್ಗುವುದಿಲ್ಲ, ಎಳೆದರೂ ಬಾರದು. ಫಾಕ್ಸ್‌ಫೇಸ್ ಮತ್ತೆ ಕಂದು. ರಂಗಪಂಚಮಿ ಮುಗಿದು ಓಣಿ ತಣ್ಣಗಾಗುವವರೆಗೆ ಬಾಗಿಲು ಮುಟ್ಟಲಿಲ್ಲ.

ಬಿಟ್ಟ ದಿನ ಹೆಣ್ಣು ಮೊದಲು ತನ್ನ ಹಳೆಯ ಮೂಲೆ ಹುಡುಕಿತು. ಅದು ಅಲ್ಲಿರಲಿಲ್ಲ. ಆಮೇಲೆ ಫಾಕ್ಸ್‌ಫೇಸ್ ಕಂಡು ನುಗ್ಗಿತು. ಈ ಸಲ ಅದು ಓಡಲಿಲ್ಲ. ತಲೆ ತಗ್ಗಿಸಿ, ಬೆನ್ನಿನ ಹದಿಮೂರೂ ಮುಳ್ಳು ಬಿಚ್ಚಿ, ಅವನ್ನು ಅದರ ಕಡೆ ಓರೆಯಾಗಿ ಹಿಡಿದು ನಿಂತಿತು. ಹೆಣ್ಣು ಅಂಗುಲದ ಅಂತರದಲ್ಲಿ ತಿರುಗಿಕೊಂಡಿತು. ಮತ್ತೆ ಬಂತು, ಮತ್ತೆ ತಿರುಗಿತು. ನಮ್ಮ ತಾಯಿ ಹಿಂದೆ ನಿಂತು "ಹಂಗ ಬೇಕು ಅದಕ್ಕ" ಅಂದರು. ಮುಂದೆಯೂ ಒಂದೆರಡು ದಿನ ಸಣ್ಣಪುಟ್ಟ ತಳ್ಳಾಟ ನಡೆಯಿತು, ರೆಕ್ಕೆ ಹರಿಯಲಿಲ್ಲ. ನೋರಿಯನ್ನು ಎರಡು ತುದಿಗಳಲ್ಲಿ ಬೇರೆ ಬೇರೆ ಕಟ್ಟುತ್ತೇನೆ, ಒಂದೇ ಕಡೆ ಕಟ್ಟಿದರೆ ಊಟದ ಹೊತ್ತಿನಲ್ಲಿ ಜಗಳ ಗ್ಯಾರಂಟಿ.

ಮೀನು, ಔಷಧ, ಪೆಟ್ಟಿಗೆ, ಉಪ್ಪು, ನೋರಿ ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ ಬಂತು. ಮೀಟರ್ ಕೊಂಡಿದ್ದರೆ ಇನ್ನೂ ಆರೇಳು ಸಾವಿರ. ಪೆಟ್ಟಿಗೆಯನ್ನು ಧಾರವಾಡದ ಆ ಗೆಳೆಯರೇ ಒಯ್ದರು, ಮೀಟರಿಗೆ ಬದಲಾಗಿ.

ಡಾಮಿನೋ ಮಾತ್ರ ಈಗಲೂ ಸಂಪಿನಲ್ಲೇ ಇದೆ. ಸ್ಕಿಮ್ಮರಿನ ಜೊತೆ ಜಗಳ ಆಡಿಕೊಂಡು ಚೆನ್ನಾಗಿಯೇ ತಿನ್ನುತ್ತಿದೆ. ಅದನ್ನು ಮೇಲೆ ಬಿಡುವ ವಿಚಾರ ನನಗಿಲ್ಲ. ಯಾರಿಗಾದರೂ ಬೇಕಿದ್ದರೆ ಮುಚ್ಚಳವಿರುವ ಬಕೆಟ್ ತೆಗೆದುಕೊಂಡು ಬನ್ನಿ, ರೊಕ್ಕ ಬೇಡ.